ದೂರವಾಣಿ ಹಾಗೂ ವೀಡಿಯೊ ಮೂಲಕ ಪಡೆಯುವ ವೈದ್ಯಕೀಯ ಸಮಾಲೋಚನೆಗೆ ವಿಮಾ ರಕ್ಷಣೆ: ನಿಯಮಗಳಲ್ಲಿ ಆಗಿರುವ ಬದಲಾವಣೆಗಳು

1. ಪ್ರಸ್ತಾವನೆ

ದೂರವಾಣಿ, ವೀಡಿಯೊ ಕರೆ ಅಥವಾ ಲಿಖಿತ ಸಂದೇಶದ ಮೂಲಕ ವೈದ್ಯರ ಸಲಹೆ ಪಡೆಯುವ ಪದ್ಧತಿಯನ್ನು ಟೆಲಿಮೆಡಿಸಿನ್ ಎಂದು ಕರೆಯಲಾಗುತ್ತದೆ. ಈ ಪುಟದಲ್ಲಿ ಅದನ್ನು ‘ದೂರ ಸಮಾಲೋಚನೆ’ ಎಂದು ಹೆಸರಿಸಲಾಗಿದೆ. ಈ ವಿಷಯಕ್ಕೆ ಸಂಬಂಧಿಸಿದಂತೆ 2020ನೇ ಸಾಲಿನಲ್ಲಿ ಎರಡು ಮುಖ್ಯ ಆದೇಶಗಳು ಹೊರಬಿದ್ದವು. ಮಾರ್ಚ್ 25ರಂದು ವೈದ್ಯರಿಗೆ ಅನ್ವಯಿಸುವ ಟೆಲಿಮೆಡಿಸಿನ್ ವೃತ್ತಿ ಮಾರ್ಗಸೂಚಿಗಳು ಪ್ರಕಟವಾದವು. ಜೂನ್ 11ರಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ವಿಮಾ ಕಂಪನಿಗಳಿಗೆ ಸುತ್ತೋಲೆ ಹೊರಡಿಸಿತು. ಮೊದಲನೆಯ ಆದೇಶವು ದೂರ ಸಮಾಲೋಚನೆಯನ್ನು ಕ್ರಮಬದ್ಧ ವೈದ್ಯ ವೃತ್ತಿಯ ಭಾಗವೆಂದು ಮಾನ್ಯ ಮಾಡಿತು. ಎರಡನೆಯದು ಅದರ ವೆಚ್ಚವನ್ನು ವಿಮೆಯ ವ್ಯಾಪ್ತಿಗೆ ತಂದಿತು.

ಈ ಆದೇಶಗಳ ಬಗ್ಗೆ ಸಾರ್ವಜನಿಕರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಆರೋಗ್ಯ ವಿಮೆ ಇರುವ ಪ್ರತಿಯೊಬ್ಬರಿಗೂ ವೈದ್ಯರೊಡನೆ ದೂರವಾಣಿಯಲ್ಲಿ ಮಾತನಾಡಿದ ಎಲ್ಲ ಶುಲ್ಕವೂ ಮರಳಿ ದೊರೆಯುತ್ತದೆ ಎಂದು ಅನೇಕರು ಭಾವಿಸಿರುತ್ತಾರೆ. ಇದು ಸರಿಯಲ್ಲ. ಆದೇಶಗಳು ಹೊಸ ಸೌಲಭ್ಯವನ್ನು ಸೃಷ್ಟಿಸಿಲ್ಲ; ದೂರ ಸಮಾಲೋಚನೆಗೆ ಮುಖಾಮುಖಿ ಸಮಾಲೋಚನೆಯ ಸಮಾನ ಸ್ಥಾನವನ್ನು ನೀಡಿವೆ. ಅಂದರೆ, ವೈದ್ಯರನ್ನು ಖುದ್ದಾಗಿ ಕಂಡಾಗ ಪಾಲಿಸಿಯಲ್ಲಿ ಹಣ ದೊರೆಯುವ ಸಂದರ್ಭಗಳಲ್ಲಿ ಮಾತ್ರ ದೂರ ಸಮಾಲೋಚನೆಗೂ ಹಣ ದೊರೆಯುತ್ತದೆ. ಹಾಗೆಯೇ ಖುದ್ದಾಗಿ ಕಂಡಾಗ ಯಾವ ದಾಖಲೆ ಬೇಕೋ ಅದೇ ದಾಖಲೆ ಇಲ್ಲಿಯೂ ಬೇಕು. ಈ ಎರಡು ಅಂಶಗಳನ್ನು ತಿಳಿಯದೆ ಅರ್ಜಿ ಸಲ್ಲಿಸಿದವರು ನ್ಯಾಯವಾಗಿ ದೊರೆಯಬೇಕಾದ ಹಣವನ್ನೂ ಕಳೆದುಕೊಳ್ಳುವ ಸಂಭವವಿರುವುದರಿಂದ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

2. ಹಿನ್ನೆಲೆ

ದೂರ ಸಮಾಲೋಚನೆಯು ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹ ಸಂಪರ್ಕವನ್ನು ಬಳಸಿ, ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೊಂದಿಗೆ 2002ರಲ್ಲಿ ಜೋಡಿಸಲಾಗಿತ್ತು. ಆದರೆ ಅಂದು ಅದು ಆಸ್ಪತ್ರೆಯಿಂದ ಆಸ್ಪತ್ರೆಗೆ ನಡೆಯುತ್ತಿದ್ದ ವ್ಯವಸ್ಥೆಯಾಗಿತ್ತು. ರೋಗಿಯು ಮನೆಯಿಂದಲೇ ವೈದ್ಯರೊಡನೆ ಮಾತನಾಡಿ ಔಷಧ ಚೀಟಿ ಪಡೆಯುವುದಕ್ಕೆ ಸ್ಪಷ್ಟ ನಿಯಮವಿರಲಿಲ್ಲ.

ನಿಯಮವಿಲ್ಲದ ಕಾರಣ ವೈದ್ಯರಲ್ಲಿಯೂ ಹಿಂಜರಿಕೆ ಇತ್ತು. ದೂರವಾಣಿಯಲ್ಲಿ ಔಷಧ ಸೂಚಿಸಿದ್ದಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು 2018ರ ಜುಲೈನಲ್ಲಿ ವೈದ್ಯರಿಗೆ ನಿರೀಕ್ಷಣಾ ಜಾಮೀನನ್ನು ನಿರಾಕರಿಸಿತು. ಇದಾದ ಬಳಿಕ ಹಿಂಜರಿಕೆ ಇನ್ನಷ್ಟು ಹೆಚ್ಚಿತು. 2020ರ ಮಾರ್ಚ್‌ನಲ್ಲಿ ಕೋವಿಡ್-19ರ ಕಾರಣ ದೇಶದಲ್ಲಿ ಸಂಚಾರ ನಿರ್ಬಂಧ ಜಾರಿಯಾದಾಗ ಆಸ್ಪತ್ರೆಗೆ ಹೋಗುವುದೇ ಕಷ್ಟವಾಯಿತು. ಈ ಸಂದರ್ಭದಲ್ಲಿ, ಆಗ ಭಾರತೀಯ ವೈದ್ಯಕೀಯ ಪರಿಷತ್ತಿನ ಅಧಿಕಾರವನ್ನು ನಿರ್ವಹಿಸುತ್ತಿದ್ದ ಆಡಳಿತ ಮಂಡಳಿಯು ನೀತಿ ಆಯೋಗದ ಸಹಯೋಗದಲ್ಲಿ ಮಾರ್ಗಸೂಚಿಗಳನ್ನು ಸಿದ್ಧಪಡಿಸಿ ಪ್ರಕಟಿಸಿತು.

3. ಬದಲಾವಣೆಗಳು: ದಿನಾಂಕವಾರು ವಿವರ

(ಅ) ಮಾರ್ಚ್ 25, 2020: ಟೆಲಿಮೆಡಿಸಿನ್ ವೃತ್ತಿ ಮಾರ್ಗಸೂಚಿಗಳ ಪ್ರಕಟಣೆ. ವೈದ್ಯರ ವೃತ್ತಿ ನಡತೆಗೆ ಸಂಬಂಧಿಸಿದ 2002ರ ವಿನಿಯಮಗಳಿಗೆ ಇವುಗಳನ್ನು 5ನೇ ಅನುಬಂಧವಾಗಿ ಸೇರಿಸಲಾಯಿತು. ತತ್ಸಂಬಂಧದ ತಿದ್ದುಪಡಿಯು 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ರಾಜ್ಯಪತ್ರದಲ್ಲಿ ಪ್ರಕಟವಾಯಿತು.

(ಆ) ಜೂನ್ 11, 2020: ವಿಮಾ ಪ್ರಾಧಿಕಾರದ ಸುತ್ತೋಲೆ. ಪಾಲಿಸಿಯ ಷರತ್ತುಗಳಲ್ಲಿ ವೈದ್ಯರ ಸಮಾಲೋಚನೆಗೆ ಅವಕಾಶವಿರುವ ಕಡೆಯಲ್ಲೆಲ್ಲ ದೂರ ಸಮಾಲೋಚನೆಗೂ ಅವಕಾಶ ನೀಡುವಂತೆ ವಿಮಾ ಕಂಪನಿಗಳಿಗೆ ಸೂಚಿಸಲಾಯಿತು. ಉಪಮಿತಿ, ಮಾಸಿಕ ಮಿತಿ ಹಾಗೂ ವಾರ್ಷಿಕ ಮಿತಿಗಳು ಯಾವುದೇ ಸಡಿಲಿಕೆಯಿಲ್ಲದೆ ಅನ್ವಯಿಸುತ್ತವೆ ಎಂದೂ ಅದೇ ಸುತ್ತೋಲೆಯಲ್ಲಿ ತಿಳಿಸಲಾಯಿತು.

(ಇ) ಸೆಪ್ಟೆಂಬರ್ 25, 2020: ಭಾರತೀಯ ವೈದ್ಯಕೀಯ ಪರಿಷತ್ತಿನ ಸ್ಥಾನದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಅಸ್ತಿತ್ವಕ್ಕೆ ಬಂದಿತು.

(ಈ) ಆಗಸ್ಟ್ 2023: ಆಯೋಗವು ವೈದ್ಯರ ವೃತ್ತಿ ನಡತೆ ಕುರಿತು ಹೊಸ ವಿನಿಯಮಗಳನ್ನು ಪ್ರಕಟಿಸಿತು. ಅದೇ ತಿಂಗಳ 23ರಂದು ಅವುಗಳನ್ನು ತಡೆಹಿಡಿದು, 2002ರ ವಿನಿಯಮಗಳನ್ನೇ ಮತ್ತೆ ಜಾರಿಗೆ ತಂದಿತು. 2023ರ ಹೊಸ ವಿನಿಯಮಗಳನ್ನು ಆಧಾರವಾಗಿಟ್ಟು ಅರ್ಜಿ ಬರೆಯುವವರು ಈ ಅಂಶವನ್ನು ಗಮನಿಸತಕ್ಕದ್ದು.

(ಉ) ಮೇ 29, 2024: ವಿಮಾ ಪ್ರಾಧಿಕಾರವು ಆರೋಗ್ಯ ವಿಮೆಯ ಸೂಚನೆಗಳನ್ನು ಒಂದೇ ಮಾಸ್ಟರ್ ಸುತ್ತೋಲೆಯಾಗಿ ಕ್ರೋಡೀಕರಿಸಿ, ಹಿಂದಿನ 55 ಸುತ್ತೋಲೆಗಳನ್ನು ರದ್ದುಪಡಿಸಿತು. ಆದ್ದರಿಂದ ಅರ್ಜಿದಾರರು 2020ರ ಸುತ್ತೋಲೆಯೊಂದನ್ನೇ ಅವಲಂಬಿಸದೆ, ತಮ್ಮ ಪಾಲಿಸಿ ದಾಖಲೆಯಲ್ಲಿರುವ ಷರತ್ತನ್ನು ಮುಖ್ಯ ಆಧಾರವಾಗಿ ಉಲ್ಲೇಖಿಸುವುದು ಸೂಕ್ತ.

4. ಯಾವ ವೆಚ್ಚ ದೊರೆಯುತ್ತದೆ, ಯಾವುದು ದೊರೆಯುವುದಿಲ್ಲ

ಆರೋಗ್ಯ ವಿಮಾ ಪಾಲಿಸಿಗಳನ್ನು ಈ ವಿಷಯದ ಮಟ್ಟಿಗೆ ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಹೊರರೋಗಿ ವೆಚ್ಚವನ್ನು ಒಳಗೊಂಡಿರುವ ಪಾಲಿಸಿ. ಆಸ್ಪತ್ರೆಗೆ ದಾಖಲಾಗದೆ ವೈದ್ಯರನ್ನು ಕಂಡ ಶುಲ್ಕವೂ ಇದರಲ್ಲಿ ನಿಗದಿತ ಮಿತಿಯೊಳಗೆ ದೊರೆಯುತ್ತದೆ. ಇಂತಹ ಪಾಲಿಸಿಯಲ್ಲಿ ದೂರ ಸಮಾಲೋಚನೆಯ ಶುಲ್ಕವೂ ಅದೇ ಮಿತಿಗೆ ಒಳಪಟ್ಟು ದೊರೆಯುತ್ತದೆ. ವಾರ್ಷಿಕ ಮಿತಿ ಮುಗಿದಿದ್ದಲ್ಲಿ ದೂರ ಸಮಾಲೋಚನೆಗೆಂದು ಪ್ರತ್ಯೇಕ ಹಣ ಇರುವುದಿಲ್ಲ.

ಎರಡನೆಯದು, ಆಸ್ಪತ್ರೆಗೆ ದಾಖಲಾದಾಗ ಮಾತ್ರ ಅನ್ವಯಿಸುವ ಪಾಲಿಸಿ. ಇದರಲ್ಲಿ ಸಾಮಾನ್ಯ ಜ್ವರ, ಕೆಮ್ಮು ಮುಂತಾದವುಗಳಿಗೆ ವೈದ್ಯರನ್ನು ಖುದ್ದಾಗಿ ಕಂಡರೂ ಹಣ ದೊರೆಯುವುದಿಲ್ಲ. ಆದುದರಿಂದ ದೂರವಾಣಿಯಲ್ಲಿ ಕಂಡರೂ ದೊರೆಯುವುದಿಲ್ಲ. ಆದರೆ ಇಂತಹ ಪಾಲಿಸಿಗಳಲ್ಲಿಯೂ ದಾಖಲಾಗುವ ಮುಂಚಿನ ಮತ್ತು ಬಿಡುಗಡೆಯಾದ ನಂತರದ ಕೆಲವು ದಿನಗಳ ವೆಚ್ಚವನ್ನು ನೀಡುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಉದಾಹರಣೆಗೆ, 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಆರೋಗ್ಯ ಸಂಜೀವನಿ’ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ದಾಖಲಾಗುವ ಮುಂಚಿನ 30 ದಿನ ಹಾಗೂ ಬಿಡುಗಡೆಯ ನಂತರದ 60 ದಿನಗಳ ವೆಚ್ಚಕ್ಕೆ ಅವಕಾಶವಿದೆ. ಅದೇ ಕಾಯಿಲೆಗೆ ಸಂಬಂಧಿಸಿ ಈ ಅವಧಿಯಲ್ಲಿ ನಡೆದ ದೂರ ಸಮಾಲೋಚನೆಗಳ ಶುಲ್ಕವನ್ನು ಕೇಳಬಹುದಾಗಿದೆ. ಅನೇಕರು ಈ ಹಣವನ್ನು ಕೇಳುವುದೇ ಇಲ್ಲ.

ಒಂದು ನಿದರ್ಶನವನ್ನು ಗಮನಿಸಬಹುದು. ಬೀದರ್ ಜಿಲ್ಲೆಯ ಗ್ರಾಮವೊಂದರ ರೋಗಿಯು ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಊರಿಗೆ ಮರಳಿದ್ದಾರೆ ಎಂದು ಭಾವಿಸೋಣ. ಗಾಯ ಪರೀಕ್ಷಿಸಲು ಮತ್ತು ಔಷಧದ ಪ್ರಮಾಣ ಬದಲಾಯಿಸಲು ವೈದ್ಯರು 60 ದಿನಗಳಲ್ಲಿ ಮೂರು ಬಾರಿ ವೀಡಿಯೊ ಮೂಲಕ ನೋಡಿ, ಪ್ರತಿ ಬಾರಿಗೆ 600 ರೂಪಾಯಿಯಂತೆ ಒಟ್ಟು 1,800 ರೂಪಾಯಿ ಪಡೆದರು. ಇದರೊಂದಿಗೆ ಅವರು ಸೂಚಿಸಿದ ರಕ್ತ ಪರೀಕ್ಷೆ ಮತ್ತು ಔಷಧಗಳ ವೆಚ್ಚವೂ ಸೇರುತ್ತದೆ. ಔಷಧ ಚೀಟಿ, ರಸೀದಿಗಳು ಕ್ರಮವಾಗಿದ್ದಲ್ಲಿ ಇವೆಲ್ಲವನ್ನೂ ಪಾಲಿಸಿಯ ಷರತ್ತಿನಂತೆ ಕೇಳಲು ಅವಕಾಶವಿದೆ. ಹಣ ಪಾವತಿಯಾದ ಮೊಬೈಲ್ ಸಂದೇಶವೊಂದೇ ಕೈಯಲ್ಲಿದ್ದಲ್ಲಿ ಆ ವೆಚ್ಚ ಯಾರಿಗೆ, ಯಾವ ಕಾಯಿಲೆಗೆ, ಯಾವ ವೈದ್ಯರಿಗೆ ಸಂದಾಯವಾಯಿತು ಎಂಬುದಕ್ಕೆ ಪುರಾವೆ ಇರುವುದಿಲ್ಲ. ಸಮಾಲೋಚನೆಯ ಚೀಟಿ ಇಲ್ಲದಿದ್ದರೆ ಅದನ್ನು ಆಧರಿಸಿದ ಔಷಧ ಹಾಗೂ ಪರೀಕ್ಷೆಗಳ ಬಿಲ್ಲುಗಳೂ ನಿಲ್ಲುವುದಿಲ್ಲ. ಹೀಗೆ 600 ರೂಪಾಯಿಯ ಒಂದು ರಸೀದಿಯ ಕೊರತೆಯಿಂದ ಅದಕ್ಕಿಂತ ಬಹುಪಾಲು ಹೆಚ್ಚಿನ ಹಣ ಕೈತಪ್ಪಬಹುದು.

ಕೆಳಕಂಡ ಸಂದರ್ಭಗಳಲ್ಲಿ ಅರ್ಜಿದಾರರು ಮುಂಚಿತವಾಗಿ ವಿಮಾ ಕಂಪನಿಯಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಒಳಿತು:

- ಮನೋವೈದ್ಯರು ನೋಂದಾಯಿತ ವೈದ್ಯರಾಗಿರುತ್ತಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ದೈಹಿಕ ಕಾಯಿಲೆಗೆ ವಿಮೆ ನೀಡುವ ಆಧಾರದಲ್ಲೇ ಮಾನಸಿಕ ಕಾಯಿಲೆಗೂ ವಿಮೆ ನೀಡತಕ್ಕದ್ದು. ಆದರೆ ಆಪ್ತ ಸಮಾಲೋಚಕರು, ಆಹಾರ ತಜ್ಞರು ಹಾಗೂ ಫಿಸಿಯೊಥೆರಪಿ ತಜ್ಞರ ಶುಲ್ಕವು ಪಾಲಿಸಿಯ ಷರತ್ತನ್ನು ಅವಲಂಬಿಸಿರುತ್ತದೆ.
- ಆಯುರ್ವೇದ, ಹೋಮಿಯೋಪತಿ ಮುಂತಾದ ಪದ್ಧತಿಗಳ ವೈದ್ಯರಿಗೆ 2020ರಲ್ಲಿ ಪ್ರತ್ಯೇಕ ಮಾರ್ಗಸೂಚಿಗಳು ಬಂದಿವೆ. ಪಾಲಿಸಿಯಲ್ಲಿ ಆ ಪದ್ಧತಿಗೆ ರಕ್ಷಣೆ ಇದೆಯೇ ಎಂಬುದನ್ನು ನೋಡಿಕೊಳ್ಳಬೇಕು.
- ಮೊಬೈಲ್ ಆಪ್‌ಗಳು ವೈದ್ಯರ ಶುಲ್ಕದ ಜೊತೆಗೆ ಸೇವಾ ಶುಲ್ಕ ವಿಧಿಸಿದ್ದಲ್ಲಿ, ಅದು ಸಮಾಲೋಚನಾ ಶುಲ್ಕವಲ್ಲ. ರಸೀದಿಯಲ್ಲಿ ಎರಡನ್ನೂ ಪ್ರತ್ಯೇಕವಾಗಿ ತೋರಿಸುವಂತೆ ಕೇಳಬೇಕು.

5. ರೋಗಿಗಳು ಅನುಸರಿಸಬೇಕಾದ ಕ್ರಮ

ಸಮಾಲೋಚನೆಗೆ ಮುಂಚೆ: ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಖಚಿತಪಡಿಸಿಕೊಳ್ಳಬೇಕು. ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾದ ವೈದ್ಯರು ಭಾರತದ ಯಾವುದೇ ಭಾಗದ ರೋಗಿಗೆ ದೂರ ಸಮಾಲೋಚನೆ ನೀಡಬಹುದು. ಹಾಗಾಗಿ ಕಾರವಾರದ ರೋಗಿಯು ಗೋವಾದ ಅಥವಾ ಮುಂಬಯಿಯ ವೈದ್ಯರ ಸಲಹೆ ಪಡೆಯಲು ಅಡ್ಡಿಯಿಲ್ಲ. ತಮ್ಮ ಪಾಲಿಸಿಯಲ್ಲಿ ಸಮಾಲೋಚನೆಗೆ ಅವಕಾಶ ಯಾವ ಷರತ್ತಿನಡಿ ಇದೆ ಎಂಬುದನ್ನೂ ನೋಡಿಕೊಳ್ಳಬೇಕು. ಪಾಲಿಸಿಯ ಜೊತೆಗೆ ನೀಡಲಾಗುವ ಗ್ರಾಹಕ ಮಾಹಿತಿ ಪತ್ರದಲ್ಲಿ ಇದರ ಸಾರಾಂಶ ಇರುತ್ತದೆ.

ಸಮಾಲೋಚನೆಯ ವೇಳೆ: ತಮ್ಮ ಹೆಸರು, ವಯಸ್ಸು, ವಿಳಾಸ ಮತ್ತು ದೂರವಾಣಿ ಸಂಖ್ಯೆಯನ್ನು ಸರಿಯಾಗಿ ತಿಳಿಸಬೇಕು. ಪಾಲಿಸಿಯಲ್ಲಿ ಇರುವಂತೆಯೇ ಹೆಸರು ಚೀಟಿಯಲ್ಲಿ ಬರುವಂತೆ ನೋಡಿಕೊಳ್ಳಬೇಕು. ಮಗನ ಮೊಬೈಲಿನಿಂದ ಕರೆ ಮಾಡಿದಾಗ ತಾಯಿಯ ಔಷಧ ಚೀಟಿಯು ಮಗನ ಹೆಸರಿನಲ್ಲಿ ಬಂದಲ್ಲಿ ಅಂತಹ ಚೀಟಿಯು ತಾಯಿಯ ಅರ್ಜಿಗೆ ಆಧಾರವಾಗುವುದಿಲ್ಲ. ರೋಗಿಯೇ ಕರೆ ಮಾಡಿದಲ್ಲಿ ಅವರ ಸಮ್ಮತಿ ಇದೆ ಎಂದೇ ಪರಿಗಣಿಸಲಾಗುತ್ತದೆ. ವೈದ್ಯರು, ಆರೋಗ್ಯ ಕಾರ್ಯಕರ್ತರು ಅಥವಾ ಆರೈಕೆದಾರರು ಕರೆಯನ್ನು ಆರಂಭಿಸಿದಲ್ಲಿ ರೋಗಿಯು ಸ್ಪಷ್ಟ ಸಮ್ಮತಿ ನೀಡಬೇಕು. ಅದನ್ನು ವೈದ್ಯರು ದಾಖಲಿಸಿಕೊಳ್ಳಬೇಕು.

ಸಮಾಲೋಚನೆಯ ನಂತರ: ಸಹಿ ಮಾಡಿದ ಔಷಧ ಚೀಟಿಯ ಛಾಯಾಚಿತ್ರ, ಸ್ಕ್ಯಾನ್ ಪ್ರತಿ ಅಥವಾ ವಿದ್ಯುನ್ಮಾನ ಚೀಟಿಯನ್ನು ಪಡೆಯಬೇಕು. ಶುಲ್ಕದ ರಸೀದಿಯನ್ನು ಅಂದೇ ಕೇಳಿ ಪಡೆಯುವುದು ಒಳಿತು. ಔಷಧವನ್ನು ಯಾವ ಅಂಗಡಿಯಲ್ಲಿ ಕೊಳ್ಳಬೇಕೆಂಬುದು ರೋಗಿಯ ಆಯ್ಕೆ. ವೈದ್ಯರು ಚೀಟಿಯನ್ನು ನೇರವಾಗಿ ಔಷಧ ಅಂಗಡಿಗೆ ಕಳುಹಿಸಬೇಕಾದರೆ ರೋಗಿಯ ಸ್ಪಷ್ಟ ಸಮ್ಮತಿ ಅವಶ್ಯಕ.

6. ವೈದ್ಯರು ಮತ್ತು ಆಸ್ಪತ್ರೆಗಳು ಅನುಸರಿಸಬೇಕಾದ ಕ್ರಮ

ಔಷಧ ಚೀಟಿ, ಪ್ರಮಾಣಪತ್ರ ಹಾಗೂ ಹಣದ ರಸೀದಿಗಳಲ್ಲಿ ನೋಂದಣಿ ಸಂಖ್ಯೆ ನಮೂದಿಸತಕ್ಕದ್ದೆಂದು 2002ರ ವಿನಿಯಮಗಳಲ್ಲಿಯೇ ವಿಧಿಸಲಾಗಿದೆ. 2020ರ ಮಾರ್ಗಸೂಚಿಗಳು ಇದನ್ನು ಮಿಂಚಂಚೆ, ವಾಟ್ಸಾಪ್ ಮುಂತಾದ ವಿದ್ಯುನ್ಮಾನ ಸಂದೇಶಗಳಿಗೂ ವಿಸ್ತರಿಸಿವೆ. ಚೀಟಿಯಲ್ಲಿ ಈ ಒಂದು ಸಾಲು ಬಿಟ್ಟುಹೋದರೆ ತೊಂದರೆಯಾಗುವುದು ರೋಗಿಗೆ ಎಂಬುದನ್ನು ವೈದ್ಯರು ಗಮನದಲ್ಲಿಡಬೇಕಾಗಿ ಕೋರಲಾಗಿದೆ.

ದೂರ ಸಮಾಲೋಚನೆಗೆ ಸೂಕ್ತ ಶುಲ್ಕ ಪಡೆಯಲು ವೈದ್ಯರಿಗೆ ಅವಕಾಶವಿದೆ. ಪಡೆದ ಶುಲ್ಕಕ್ಕೆ ರಸೀದಿ ನೀಡುವುದು ಕಡ್ಡಾಯ. ಸಮಾಲೋಚನೆಯ ವಿವರ, ರೋಗಿಯ ವರದಿಗಳು, ಚಿತ್ರಗಳು ಹಾಗೂ ನೀಡಿದ ಚೀಟಿಯ ಪ್ರತಿಯನ್ನು ಸಂರಕ್ಷಿಸಬೇಕು. ರೋಗಿಯು ತನ್ನ ವೈದ್ಯಕೀಯ ದಾಖಲೆಗಳನ್ನು ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕೆಂಬುದು 2002ರ ವಿನಿಯಮಗಳ ನಿಯಮ.

ರೋಗಿಯು ಖುದ್ದಾಗಿ ಬರಲು ಸಿದ್ಧವಿದ್ದರೂ ದೂರ ಸಮಾಲೋಚನೆಯನ್ನೇ ಒತ್ತಾಯಿಸುವುದು, ರೋಗಿಯ ಚಿತ್ರ ಹಾಗೂ ಮಾಹಿತಿಯನ್ನು ದುರುಪಯೋಗಪಡಿಸಿಕೊಳ್ಳುವುದು, ಜಾಹೀರಾತು ಅಥವಾ ಆಮಿಷದ ಮೂಲಕ ದೂರ ಸಮಾಲೋಚನೆಗೆ ರೋಗಿಗಳನ್ನು ಸೆಳೆಯುವುದು ವೃತ್ತಿ ದುರ್ನಡತೆಯಾಗುತ್ತದೆ. ಆಪ್ ಅಥವಾ ಅಂತರಜಾಲ ವೇದಿಕೆಗಳನ್ನು ನಡೆಸುವ ಸಂಸ್ಥೆಗಳು ತಮ್ಮಲ್ಲಿರುವ ವೈದ್ಯರು ನೋಂದಾಯಿತರೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಕೃತಕ ಬುದ್ಧಿಮತ್ತೆಯ ತಂತ್ರಾಂಶವು ವೈದ್ಯರಿಗೆ ನೆರವಾಗಬಹುದೇ ಹೊರತು, ತಾನೇ ರೋಗಿಗೆ ಸಲಹೆ ನೀಡುವಂತಿಲ್ಲ ಅಥವಾ ಔಷಧ ಸೂಚಿಸುವಂತಿಲ್ಲ. ಯಂತ್ರವೇ ನೀಡಿದ ಸಲಹೆಗೆ ಪಾವತಿಸಿದ ಹಣವನ್ನು ವೈದ್ಯರ ಸಮಾಲೋಚನಾ ಶುಲ್ಕವೆಂದು ತೋರಿಸಲಾಗದು.

7. ಮೊದಲ ಸಮಾಲೋಚನೆ, ಮರು ಸಮಾಲೋಚನೆ ಮತ್ತು ಔಷಧ ಪಟ್ಟಿಗಳು

ಅದೇ ವೈದ್ಯರನ್ನು, ಅದೇ ಕಾಯಿಲೆಗಾಗಿ, ಖುದ್ದಾಗಿ ಕಂಡ 6 ತಿಂಗಳೊಳಗೆ ಮತ್ತೆ ಸಂಪರ್ಕಿಸಿದಲ್ಲಿ ಅದು ಮರು ಸಮಾಲೋಚನೆ. ವೈದ್ಯರು ಹೊಸಬರಾಗಿದ್ದಲ್ಲಿ, ಕಾಯಿಲೆ ಬೇರೆಯಾಗಿದ್ದಲ್ಲಿ ಅಥವಾ 6 ತಿಂಗಳು ಮೀರಿದ್ದಲ್ಲಿ ಅದು ಮೊದಲ ಸಮಾಲೋಚನೆ. ಯಾವ ಔಷಧ ಸೂಚಿಸಬಹುದು ಎಂಬುದು ಇದನ್ನು ಅವಲಂಬಿಸಿದೆ. ಮಾರ್ಗಸೂಚಿಗಳಲ್ಲಿ ನಾಲ್ಕು ಪಟ್ಟಿಗಳಿವೆ.

- ‘ಒ’ ಪಟ್ಟಿ: ಪ್ಯಾರಾಸಿಟಮಾಲ್, ಓಆರ್‌ಎಸ್ ಪುಡಿ ಮುಂತಾದ ಸಾಮಾನ್ಯ ಔಷಧಗಳು. ವೀಡಿಯೊ, ಧ್ವನಿ ಕರೆ, ಸಂದೇಶ, ಯಾವುದೇ ವಿಧಾನದಲ್ಲಿ ಸೂಚಿಸಬಹುದು.
- ‘ಎ’ ಪಟ್ಟಿ: ಚರ್ಮದ ಮುಲಾಮು, ಕಣ್ಣು ಮತ್ತು ಕಿವಿಯ ಹನಿ ಔಷಧ ಮುಂತಾದವು. ಮೊದಲ ಸಮಾಲೋಚನೆಯು ವೀಡಿಯೊ ಮೂಲಕ ನಡೆದಿದ್ದಲ್ಲಿ ಸೂಚಿಸಬಹುದು. ದೀರ್ಘಕಾಲದ ಕಾಯಿಲೆಗೆ ಈಗಾಗಲೇ ಸೇವಿಸುತ್ತಿರುವ ಔಷಧವನ್ನು ಮರು ಸಮಾಲೋಚನೆಯಲ್ಲಿ ಮುಂದುವರಿಸುವುದೂ ಇದರಲ್ಲಿ ಸೇರಿದೆ.
- ‘ಬಿ’ ಪಟ್ಟಿ: ರಕ್ತದೊತ್ತಡ, ಮಧುಮೇಹ ಮುಂತಾದ ಕಾಯಿಲೆಗಳಿಗೆ ಹಿಂದಿನ ಔಷಧದ ಜೊತೆಗೆ ಹೊಸದಾಗಿ ಸೇರಿಸುವ ಔಷಧಗಳು. ಮರು ಸಮಾಲೋಚನೆಯಲ್ಲಿ ಮಾತ್ರ ಸೂಚಿಸಬಹುದು.
- ನಿಷೇಧಿತ ಪಟ್ಟಿ: ಔಷಧ ಮತ್ತು ಪ್ರಸಾಧನ ನಿಯಮಗಳ ‘ಎಕ್ಸ್’ ಅನುಸೂಚಿಯ ಔಷಧಗಳು ಹಾಗೂ 1985ರ ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆಯಡಿ ಬರುವ ವಸ್ತುಗಳನ್ನು ಈ ಪಟ್ಟಿಯಲ್ಲಿ ಇರಿಸಲಾಗಿದೆ.

ಆದ್ದರಿಂದ ವೈದ್ಯರು ‘ಖುದ್ದಾಗಿ ಬನ್ನಿ’ ಎಂದು ತಿಳಿಸಿದಲ್ಲಿ ಅದನ್ನು ಸೇವೆ ನಿರಾಕರಣೆ ಎಂದು ಭಾವಿಸಬಾರದು. ಹಲವು ಸಂದರ್ಭಗಳಲ್ಲಿ ಅದು ನಿಯಮದ ಪಾಲನೆಯೇ ಆಗಿರುತ್ತದೆ. ಎದೆನೋವು, ತೀವ್ರ ಉಸಿರಾಟದ ತೊಂದರೆ, ಅಪಘಾತ ಮುಂತಾದ ತುರ್ತು ಸಂದರ್ಭಗಳಲ್ಲಿ ದೂರ ಸಮಾಲೋಚನೆಯು ಪ್ರಥಮ ಚಿಕಿತ್ಸೆ, ಜೀವ ಉಳಿಸುವ ಕ್ರಮ ಹಾಗೂ ಆಸ್ಪತ್ರೆಗೆ ಕಳುಹಿಸುವ ಸಲಹೆಗೆ ಸೀಮಿತ. ಇಂತಹ ವೇಳೆ ಸಮಯ ಕಳೆಯದೆ 108 ಆಂಬ್ಯುಲೆನ್ಸ್ ಸೇವೆಗೆ ಕರೆ ಮಾಡಬೇಕು.

8. ಮರುಪಾವತಿ ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳು

(1) ವಿಮಾ ಕಂಪನಿಯ ನಿಗದಿತ ಕ್ಲೇಮು ನಮೂನೆ.
(2) ಪಾಲಿಸಿ ಸಂಖ್ಯೆ ಮತ್ತು ರೋಗಿಯ ಗುರುತಿನ ದಾಖಲೆಯ ಪ್ರತಿ.
(3) ದಿನಾಂಕ, ರೋಗಿಯ ಹೆಸರು, ರೋಗ ವಿವರ, ವೈದ್ಯರ ಸಹಿ ಮತ್ತು ನೋಂದಣಿ ಸಂಖ್ಯೆ ಇರುವ ಔಷಧ ಚೀಟಿ.
(4) ಸಮಾಲೋಚನಾ ಶುಲ್ಕದ ರಸೀದಿ ಹಾಗೂ ಹಣ ಪಾವತಿಯ ಪುರಾವೆ.
(5) ಔಷಧ ಅಂಗಡಿ ಮತ್ತು ಪ್ರಯೋಗಾಲಯದ ಬಿಲ್ಲುಗಳು, ಪರೀಕ್ಷಾ ವರದಿಗಳು.
(6) ಆಸ್ಪತ್ರೆಗೆ ದಾಖಲಾಗುವ ಮುಂಚಿನ ಅಥವಾ ನಂತರದ ವೆಚ್ಚವಾಗಿದ್ದಲ್ಲಿ ಬಿಡುಗಡೆ ಸಾರಾಂಶದ ಪ್ರತಿ.

ರಸೀದಿಯ ದಿನಾಂಕವೂ ಔಷಧ ಚೀಟಿಯ ದಿನಾಂಕವೂ ಹೊಂದಿಕೆಯಾಗಿರಬೇಕು. ಔಷಧ ಬಿಲ್ಲಿನಲ್ಲಿರುವ ಔಷಧಗಳು ಚೀಟಿಯಲ್ಲಿಯೂ ಇರಬೇಕು. ಮೊಬೈಲ್ ಸಂದೇಶಗಳು ಅಳಿಸಿಹೋಗುವ ಸಾಧ್ಯತೆ ಇರುವುದರಿಂದ ಚೀಟಿ ಬಂದ ದಿನವೇ ಅದನ್ನು ಮುದ್ರಿಸಿ ಅಥವಾ ಮಿಂಚಂಚೆಗೆ ಕಳುಹಿಸಿ ಇಟ್ಟುಕೊಳ್ಳುವುದು ಸೂಕ್ತ. ಅರ್ಜಿ ಸಲ್ಲಿಸಲು ಪಾಲಿಸಿಯಲ್ಲಿ ನಿಗದಿಪಡಿಸಿರುವ ಕಾಲಮಿತಿಯನ್ನು ಮೀರಬಾರದು. ಸಲ್ಲಿಸಿದ ಎಲ್ಲ ದಾಖಲೆಗಳ ಒಂದು ಪ್ರತಿಯನ್ನು ಮತ್ತು ಸ್ವೀಕೃತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು.

9. ಅರ್ಜಿ ತಿರಸ್ಕೃತವಾದಲ್ಲಿ

2024ರ ಮಾಸ್ಟರ್ ಸುತ್ತೋಲೆಯಂತೆ, ಕಂಪನಿಯ ನಿಗದಿತ ಸಮಿತಿಯ ಒಪ್ಪಿಗೆಯಿಲ್ಲದೆ ಯಾವುದೇ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದಲ್ಲಿ ಅಥವಾ ಭಾಗಶಃ ಕಡಿತ ಮಾಡಿದಲ್ಲಿ, ಪಾಲಿಸಿಯ ಯಾವ ನಿರ್ದಿಷ್ಟ ಷರತ್ತಿನ ಆಧಾರದಲ್ಲಿ ಹಾಗೆ ಮಾಡಲಾಗಿದೆ ಎಂಬುದನ್ನು ಅರ್ಜಿದಾರರಿಗೆ ತಿಳಿಸಬೇಕು. ‘ದೂರವಾಣಿ ಸಮಾಲೋಚನೆಗೆ ಅವಕಾಶವಿಲ್ಲ’ ಎಂಬ ಬಾಯಿಮಾತಿನ ಉತ್ತರವನ್ನು ಅರ್ಜಿದಾರರು ಅಂತಿಮವೆಂದು ಒಪ್ಪಬೇಕಾಗಿಲ್ಲ. ಷರತ್ತಿನ ಸಂಖ್ಯೆಯೊಂದಿಗೆ ಲಿಖಿತ ಉತ್ತರ ಕೇಳಿ ಪಡೆಯಬೇಕು.

ಮೊದಲ ಹಂತ: ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು.

ಎರಡನೇ ಹಂತ: ವಿಮಾ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣ ಅಥವಾ ಶುಲ್ಕರಹಿತ ದೂರವಾಣಿ 155255.

ಮೂರನೇ ಹಂತ: ವಿಮಾ ಒಂಬುಡ್ಸ್‌ಮನ್. ಕರ್ನಾಟಕದ ದೂರುಗಳಿಗೆ ಬೆಂಗಳೂರಿನಲ್ಲಿ ಕಚೇರಿ ಇದೆ. ಕಂಪನಿಯು ದೂರನ್ನು ತಿರಸ್ಕರಿಸಿದಲ್ಲಿ, ಒಂದು ತಿಂಗಳೊಳಗೆ ಉತ್ತರಿಸದಿದ್ದಲ್ಲಿ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದಲ್ಲಿ ಒಂದು ವರ್ಷದೊಳಗೆ ಇಲ್ಲಿಗೆ ದೂರು ಸಲ್ಲಿಸಬಹುದು. 50 ಲಕ್ಷ ರೂಪಾಯಿವರೆಗಿನ ಪ್ರಕರಣಗಳನ್ನು ಒಂಬುಡ್ಸ್‌ಮನ್ ವಿಚಾರಣೆಗೆ ತೆಗೆದುಕೊಳ್ಳುತ್ತಾರೆ. ಇದಕ್ಕೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಬೇಕಾಗಿಲ್ಲ. ಅದೇ ವಿಷಯವು ನ್ಯಾಯಾಲಯದಲ್ಲಿ ಅಥವಾ ಗ್ರಾಹಕರ ಆಯೋಗದಲ್ಲಿ ಬಾಕಿಯಿದ್ದಲ್ಲಿ ಒಂಬುಡ್ಸ್‌ಮನ್ ಮುಂದೆ ದೂರು ನಿಲ್ಲುವುದಿಲ್ಲ.

ವೈದ್ಯರು ರಸೀದಿ ಅಥವಾ ಔಷಧ ಚೀಟಿ ನೀಡಲು ನಿರಾಕರಿಸಿದಲ್ಲಿ ದೂರನ್ನು ಅವರು ನೋಂದಾಯಿತರಾಗಿರುವ ರಾಜ್ಯ ವೈದ್ಯಕೀಯ ಪರಿಷತ್ತಿಗೆ ಸಲ್ಲಿಸಬಹುದು.

10. ವಿಮೆ ಇಲ್ಲದವರಿಗೆ ಲಭ್ಯವಿರುವ ಉಚಿತ ಸೇವೆಗಳು

ಇ-ಸಂಜೀವನಿ: ಇದು ಕೇಂದ್ರ ಸರ್ಕಾರದ ಉಚಿತ ದೂರ ಸಮಾಲೋಚನಾ ಸೇವೆ. 2019ರ ನವೆಂಬರ್‌ನಲ್ಲಿ ಆರೋಗ್ಯ ಕೇಂದ್ರಗಳ ಮೂಲಕ ಆರಂಭವಾಯಿತು. 2020ರ ಏಪ್ರಿಲ್‌ನಿಂದ ರೋಗಿಗಳು ಮನೆಯಿಂದಲೇ ಬಳಸುವ ವ್ಯವಸ್ಥೆ ಜಾರಿಗೆ ಬಂದಿತು. ಮೊಬೈಲ್ ಸಂಖ್ಯೆಯಿಂದ ನೋಂದಾಯಿಸಿ, ಟೋಕನ್ ಪಡೆದು, ಸರದಿ ಬಂದಾಗ ವೈದ್ಯರೊಡನೆ ಮಾತನಾಡಬಹುದು; ಕೊನೆಯಲ್ಲಿ ವಿದ್ಯುನ್ಮಾನ ಔಷಧ ಚೀಟಿ ದೊರೆಯುತ್ತದೆ. ಸ್ಮಾರ್ಟ್ ಫೋನ್ ಇಲ್ಲದವರು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ತೆರಳಿ, ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯ ನೆರವಿನಿಂದ ವೈದ್ಯರನ್ನು ಸಂಪರ್ಕಿಸಬಹುದು.

ಟೆಲಿ-ಮಾನಸ್: 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ನೋಡಲ್ ಸಂಸ್ಥೆ. 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು.

ಆಯುಷ್ಮಾನ್ ಭಾರತ್: ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯಡಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ದೊರೆಯುತ್ತದೆ. ಆದರೆ ಹೊರರೋಗಿ ಸಮಾಲೋಚನೆ ಇದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಖಾಸಗಿ ಆಪ್‌ನಲ್ಲಿ ಪಾವತಿಸಿದ ಶುಲ್ಕವನ್ನು ಈ ಯೋಜನೆಯಡಿ ಕೇಳಲಾಗದು.

ವಿಶೇಷ ಸೂಚನೆ: ‘ಆರೋಗ್ಯ ಸಂಜೀವನಿ’ ಎಂಬುದು ಕಂಪನಿಗಳು ಮಾರಾಟ ಮಾಡುವ ವಿಮಾ ಪಾಲಿಸಿ, ‘ಇ-ಸಂಜೀವನಿ’ ಎಂಬುದು ಉಚಿತ ಸಮಾಲೋಚನಾ ಸೇವೆ, ‘ಕರ್ನಾಟಕ ಆರೋಗ್ಯ ಸಂಜೀವಿನಿ’ ಎಂಬುದು ರಾಜ್ಯ ಸರ್ಕಾರಿ ನೌಕರರ ಯೋಜನೆ. ಹೆಸರುಗಳ ಹೋಲಿಕೆಯಿಂದ ಗೊಂದಲಕ್ಕೆ ಒಳಗಾಗಿ ತಪ್ಪು ಕಚೇರಿಗೆ ಅರ್ಜಿ ಸಲ್ಲಿಸಬಾರದಾಗಿ ತಿಳಿಸಲಾಗಿದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಾನು ವಿದೇಶದಲ್ಲಿದ್ದೇನೆ. ಮೈಸೂರಿನಲ್ಲಿರುವ ತಾಯಿಯ ಪರವಾಗಿ ಬೆಂಗಳೂರಿನ ವೈದ್ಯರೊಡನೆ ಮಾತನಾಡಬಹುದೇ?
ಉತ್ತರ: ತಾಯಿಯವರೂ ಕರೆಯಲ್ಲಿ ಇದ್ದರೆ ಅದು ಸುಲಭವಾದ ದಾರಿ. ಅವರು ಕರೆಯಲ್ಲಿ ಇಲ್ಲದಿದ್ದಲ್ಲಿ ಆರೈಕೆದಾರರಿಗೆ ಲಿಖಿತ ಅಧಿಕಾರ ಪತ್ರ ಅಥವಾ ಸಂಬಂಧವನ್ನು ಸ್ಥಾಪಿಸುವ ದಾಖಲೆ ಇರಬೇಕು. ಚೀಟಿ ಮತ್ತು ರಸೀದಿ ತಾಯಿಯವರ ಹೆಸರಿನಲ್ಲಿಯೇ ಇರಬೇಕು.

ಪ್ರಶ್ನೆ: ವಿದೇಶದಲ್ಲಿರುವ ನಾನು ನನ್ನ ಕಾಯಿಲೆಗೆ ಊರಿನ ವೈದ್ಯರಿಂದ ಔಷಧ ಚೀಟಿ ಪಡೆಯಬಹುದೇ?
ಉತ್ತರ: ಭಾರತದ ವ್ಯಾಪ್ತಿಯ ಹೊರಗಿನ ಸಮಾಲೋಚನೆಗೆ ಈ ಮಾರ್ಗಸೂಚಿಗಳು ಅನ್ವಯಿಸುವುದಿಲ್ಲ.

ಪ್ರಶ್ನೆ: ಮಗುವಿನ ಪರವಾಗಿ ಸಮಾಲೋಚನೆ ಹೇಗೆ?
ಉತ್ತರ: ಅಪ್ರಾಪ್ತ ವಯಸ್ಕರ ಸಮಾಲೋಚನೆಯಲ್ಲಿ ಗುರುತು ಖಚಿತಪಟ್ಟ ವಯಸ್ಕರೊಬ್ಬರು ಜೊತೆಗಿರಬೇಕು.

ಪ್ರಶ್ನೆ: ವೈದ್ಯರು ವಾಟ್ಸಾಪ್‌ನಲ್ಲಿ ಔಷಧದ ಹೆಸರನ್ನು ಮಾತ್ರ ಬರೆದು ಕಳುಹಿಸಿದ್ದಾರೆ. ಅದು ಸಾಕೇ?
ಉತ್ತರ: ಸಾಲದು. ರೋಗಿಯ ಹೆಸರು, ದಿನಾಂಕ, ಸಹಿ ಹಾಗೂ ನೋಂದಣಿ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಸಮಾಲೋಚನೆಯ ನಡುವೆ ನನಗೆ ಸಮಾಧಾನವಾಗದಿದ್ದಲ್ಲಿ?
ಉತ್ತರ: ರೋಗಿಯಾಗಲಿ ವೈದ್ಯರಾಗಲಿ ಯಾವ ಹಂತದಲ್ಲಿಯೂ ದೂರ ಸಮಾಲೋಚನೆಯನ್ನು ನಿಲ್ಲಿಸಿ, ಮುಖಾಮುಖಿ ಭೇಟಿಗೆ ಬದಲಾಯಿಸಿಕೊಳ್ಳಬಹುದು.

12. ಮುಕ್ತಾಯ

ದೂರದ ಊರಿನಿಂದ ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣಿಸಿ, ಹತ್ತು ನಿಮಿಷದ ಭೇಟಿಗಾಗಿ ನಗರದ ಆಸ್ಪತ್ರೆಗೆ ಬರಬೇಕಾಗಿದ್ದ ರೋಗಿಗಳಿಗೆ 2020ರ ಬದಲಾವಣೆಗಳು ನಿಜವಾದ ಅನುಕೂಲವನ್ನು ಒದಗಿಸಿವೆ. ಈ ಅನುಕೂಲದ ಪೂರ್ಣ ಪ್ರಯೋಜನ ದೊರೆಯಬೇಕಾದರೆ ಪಾಲಿಸಿಯ ಷರತ್ತು, ವೈದ್ಯರ ನೋಂದಣಿ ಸಂಖ್ಯೆ, ಔಷಧ ಚೀಟಿ ಹಾಗೂ ರಸೀದಿ, ಈ ನಾಲ್ಕನ್ನು ಮರೆಯಬಾರದು. ಸಾರ್ವಜನಿಕರು ಅರ್ಜಿ ಸಲ್ಲಿಸುವ ಮುನ್ನ ಮೇಲ್ಕಂಡ ಅಂಶಗಳನ್ನು ಪರಿಶೀಲಿಸಿಕೊಂಡು ಸದುಪಯೋಗಪಡಿಸಿಕೊಳ್ಳಬೇಕಾಗಿ ಈ ಮೂಲಕ ಕೋರಲಾಗಿದೆ.